ಎಂಜಿನ್ ಆಯಿಲ್: ಸಿಂಥೆಟಿಕ್ ಬೇಕೆ, ಮಿನರಲ್ ಸಾಕೆ, ಬದಲಿಸುವುದು ಯಾವಾಗ?

ವಾಹನ ಇಟ್ಟುಕೊಂಡವರು ಎಂಜಿನ್ ಆಯಿಲಿನ ಬಗ್ಗೆ ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಸಿಂಥೆಟಿಕ್ ಹಾಕಿಸಬೇಕೋ ಮಿನರಲ್ ಸಾಕೋ ಎಂಬುದು ಒಂದು. ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂಬುದು ಇನ್ನೊಂದು. ಮೊದಲನೆಯದು ತೀರ್ಮಾನವಾದರೆ ಎರಡನೆಯದೂ ತೀರ್ಮಾನವಾದಂತೆಯೇ, ಸಿಂಥೆಟಿಕ್ ಹಾಕಿಸಿದ ಮೇಲೆ ಎರಡು ಪಟ್ಟು ದೂರ ನಿಶ್ಚಿಂತೆಯಾಗಿ ಓಡಿಸಬಹುದು ಎಂದು ಬಹಳ ಜನ ನಂಬಿದ್ದಾರೆ. ಈ ನಂಬಿಕೆ ಅರ್ಧ ಮಾತ್ರ ಸರಿ. ಎಂಜಿನ್ನಿನೊಳಗೆ ಎಣ್ಣೆ ಎರಡು ಬಗೆಯಲ್ಲಿ ಕೆಡುತ್ತದೆ: ಶಾಖಕ್ಕೆ ಸಿಕ್ಕಿ ತಾನೇ ಹಳತಾಗುತ್ತದೆ, ಮತ್ತು ಇಂಧನದಿಂದಲೂ ಗಾಳಿಯಿಂದಲೂ ಬಂದದ್ದೆಲ್ಲ ಸೇರಿ ಕೊಳೆಯಾಗುತ್ತದೆ. ಸಿಂಥೆಟಿಕ್ ಆಯಿಲ್ ಮೊದಲನೆಯ ಕೇಡನ್ನು ಬಹಳ ಚೆನ್ನಾಗಿ ತಡೆದುಕೊಳ್ಳುತ್ತದೆ. ಎರಡನೆಯ ಕೇಡಿನ ಎದುರು ಅದಕ್ಕೂ ಒಳ್ಳೆಯ ಮಿನರಲ್ ಆಯಿಲಿಗೂ ಅಷ್ಟು ದೊಡ್ಡ ಅಂತರವಿಲ್ಲ. ಯಾವ ಆಯಿಲ್, ಎಷ್ಟು ದಿನಕ್ಕೆ ಎಂಬ ಲೆಕ್ಕವೆಲ್ಲ ನಿಮ್ಮ ಎಂಜಿನ್ನಿನಲ್ಲಿ ಈ ಎರಡು ಕೇಡುಗಳಲ್ಲಿ ಯಾವುದು ಮೊದಲು ಬರುತ್ತದೆ ಎಂಬುದರ ಮೇಲೆ ನಿಂತಿದೆ.

ಘರ್ಷಣೆ ತಗ್ಗಿಸುವುದಷ್ಟೇ ಎಣ್ಣೆಯ ಕೆಲಸ ಎಂದುಕೊಂಡರೆ ಮುಂದಿನದ್ಯಾವುದೂ ಸರಿಯಾಗಿ ಅರ್ಥವಾಗುವುದಿಲ್ಲ. ಕ್ರ್ಯಾಂಕ್‌ಶಾಫ್ಟ್ ತಿರುಗುವಾಗ ಅದು ಬೇರಿಂಗಿನ ಲೋಹವನ್ನು ತಾಕದಂತೆ ಕೆಲವೇ ಮೈಕ್ರಾನ್ ದಪ್ಪದ ಎಣ್ಣೆಯ ಪದರವೊಂದು ಎತ್ತಿ ಹಿಡಿದಿರುತ್ತದೆ. ಅದೇ ಎಣ್ಣೆ ಪಿಸ್ಟನ್ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವಿನ ಸಂದನ್ನು ಮುಚ್ಚಿ, ದಹನದ ಅನಿಲ ಕೆಳಕ್ಕೆ ನುಗ್ಗದಂತೆ ತಡೆಯುತ್ತದೆ. ಕೂಲಂಟ್ ತಲುಪಲಾಗದ ಪಿಸ್ಟನ್ನಿನ ತಳ, ಬೇರಿಂಗ್, ಕ್ಯಾಮ್‌ಶಾಫ್ಟ್ ಮುಂತಾದ ಕಡೆಗಳಿಂದ ಶಾಖವನ್ನು ಹೊತ್ತು, ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿಗೆ, ಅಂದರೆ ಸಂಪಿಗೆ, ಇಳಿಸುತ್ತದೆ. ಮಸಿಯನ್ನೂ ಜಿಡ್ಡನ್ನೂ ತನ್ನಲ್ಲಿ ತೇಲಿಸಿಕೊಂಡು ಫಿಲ್ಟರಿನವರೆಗೆ ಒಯ್ಯುತ್ತದೆ, ಆಮ್ಲಗಳನ್ನು ತಟಸ್ಥಗೊಳಿಸುತ್ತದೆ, ತುಕ್ಕು ಹಿಡಿಯದಂತೆ ನೋಡಿಕೊಳ್ಳುತ್ತದೆ. ಇಂದಿನ ಎಂಜಿನ್ನುಗಳಲ್ಲಿ ಇದರ ಮೇಲೆ ಇನ್ನೊಂದು ಹೊಣೆಯೂ ಬಿದ್ದಿದೆ: ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್, ವಾಲ್ವುಗಳ ಸಮಯವನ್ನು ಹಿಂದುಮುಂದು ಮಾಡುವ ವ್ಯವಸ್ಥೆ ಇವೆಲ್ಲ ಆಯಿಲಿನ ಒತ್ತಡದಿಂದಲೇ ನಡೆಯುತ್ತವೆ. ಹೀಗಾಗಿ ಎಣ್ಣೆ ಕೆಟ್ಟರೆ ಸವೆತ ಕಾಣಿಸುವುದಕ್ಕೂ ಮೊದಲೇ ಎಂಜಿನ್ನಿನ ನಡವಳಿಕೆ ಕೆಡಬಹುದು.

ಡಬ್ಬಿಯಲ್ಲಿರುವ ಆಯಿಲಿನಲ್ಲಿ ನೂರಕ್ಕೆ ಸುಮಾರು ಎಪ್ಪತ್ತರಿಂದ ತೊಂಬತ್ತು ಭಾಗ ಮೂಲ ತೈಲ, ಉಳಿದದ್ದು ಸೇರ್ಪಡೆಗಳು, ಅಂದರೆ ಅಡಿಟಿವ್‌ಗಳು. ಸಿಂಥೆಟಿಕ್, ಮಿನರಲ್ ಎಂಬ ಭೇದವೆಲ್ಲ ಈ ಮೂಲ ತೈಲದ್ದು. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದರೆ ಎಪಿಐ, ಮೂಲ ತೈಲಗಳನ್ನು ಐದು ಗುಂಪುಗಳಾಗಿ ವಿಂಗಡಿಸಿದೆ. ಕಚ್ಚಾ ತೈಲವನ್ನು ಬಟ್ಟಿ ಇಳಿಸಿ, ದ್ರಾವಕಗಳಿಂದ ಬೇಡದ ಅಂಶಗಳನ್ನು ತೆಗೆದದ್ದು ಮೊದಲನೆಯ ಗುಂಪು. ಇದರಲ್ಲಿ ಗಂಧಕವೂ ಬೇಗ ಕೆಡುವ ಅಪರ್ಯಾಪ್ತ ಅಣುಗಳೂ ಹೆಚ್ಚು. ಒತ್ತಡದಲ್ಲಿ ಜಲಜನಕ ಹಾಯಿಸಿ ಶುದ್ಧಗೊಳಿಸಿದದ್ದು ಎರಡನೆಯದು. ಇದರಲ್ಲಿ ಶೇಕಡಾ 90ಕ್ಕೆ ಕಡಿಮೆಯಿಲ್ಲದಷ್ಟು ಪರ್ಯಾಪ್ತ ಅಣುಗಳಿರಬೇಕು, ಗಂಧಕ ಶೇಕಡಾ 0.03ನ್ನು ಮೀರಬಾರದು. ಮಿನರಲ್ ಆಯಿಲ್ ಎಂದರೆ ಈ ಎರಡು ಗುಂಪುಗಳದ್ದು. ಅದೇ ಕ್ರಿಯೆಯನ್ನು ಇನ್ನೂ ತೀವ್ರವಾಗಿ ನಡೆಸಿ, ಅಣುಗಳನ್ನೇ ಒಡೆದು ಮರುಜೋಡಿಸಿ, ಸ್ನಿಗ್ಧತಾ ಸೂಚ್ಯಂಕವನ್ನು (ತಾಪ ಬದಲಾದಾಗ ಎಣ್ಣೆಯ ಗಟ್ಟಿತನ ಕಡಿಮೆ ಬದಲಾದಷ್ಟೂ ಈ ಅಂಕಿ ಹೆಚ್ಚು) 120ಕ್ಕೆ ಅಥವಾ ಅದಕ್ಕೂ ಮೇಲಕ್ಕೆ ಏರಿಸಿದರೆ ಅದು ಮೂರನೆಯ ಗುಂಪು. ನಾಲ್ಕನೆಯದು ಪಾಲಿ ಆಲ್ಫಾ ಓಲೆಫಿನ್, ಅಂದರೆ ಪಿಎಒ; ಇದನ್ನು ಸಣ್ಣ ಅಣುಗಳಿಂದ ರಾಸಾಯನಿಕವಾಗಿ ಕಟ್ಟುತ್ತಾರೆ. ಎಸ್ಟರುಗಳೂ ಸೇರಿದಂತೆ ಉಳಿದದ್ದೆಲ್ಲ ಐದನೆಯದು.

ಈ ವಿಂಗಡಣೆಯನ್ನು ಸ್ವಲ್ಪ ವಿವರವಾಗಿಯೇ ಬರೆದಿದ್ದೇನೆ, ಏಕೆಂದರೆ ಡಬ್ಬಿಯ ಮೇಲಿನ ‘ಫುಲ್ಲಿ ಸಿಂಥೆಟಿಕ್’ ಎಂಬ ಮಾತಿಗೆ ಎಷ್ಟು ತೂಕ ಕೊಡಬೇಕು ಎಂಬುದು ಇದರಿಂದಲೇ ತಿಳಿಯುತ್ತದೆ. ಮೊಬಿಲ್ ಸಂಸ್ಥೆ 1974ರಲ್ಲಿ ಅಮೆರಿಕದ ಮಾರುಕಟ್ಟೆಗೆ ಮೊಬಿಲ್ 1 ತಂದ ಕಾಲದಲ್ಲಿ ಸಿಂಥೆಟಿಕ್ ಎಂದರೆ ಕಾರ್ಖಾನೆಯಲ್ಲಿ ಕಟ್ಟಿದ ಅಣುಗಳ ಎಣ್ಣೆ ಎಂದೇ ಅರ್ಥವಿತ್ತು. ಮುಂದೆ ಕ್ಯಾಸ್ಟ್ರಾಲ್ ತನ್ನ ಸಿಂಥೆಟಿಕ್ ಆಯಿಲಿನಲ್ಲಿ ಪಿಎಒ ಬದಲು ಮೂರನೆಯ ಗುಂಪಿನ ತೈಲ ಬಳಸತೊಡಗಿದಾಗ ಮೊಬಿಲ್ ಆಕ್ಷೇಪಿಸಿತು. ಅಮೆರಿಕದ ಜಾಹೀರಾತು ಉದ್ಯಮದ ಸ್ವಯಂ ನಿಯಂತ್ರಣ ಮಂಡಳಿಯಾದ ನ್ಯಾಷನಲ್ ಅಡ್ವರ್ಟೈಸಿಂಗ್ ಡಿವಿಷನ್ 1999ರಲ್ಲಿ ಕ್ಯಾಸ್ಟ್ರಾಲ್ ಪರವಾಗಿ ತೀರ್ಮಾನಿಸಿತು. ಅಂದಿನಿಂದ ಹೆಚ್ಚಿನ ಮಾರುಕಟ್ಟೆಗಳಲ್ಲಿ ಮೂರನೆಯ ಗುಂಪಿನ ತೈಲವನ್ನು ಸಿಂಥೆಟಿಕ್ ಎಂದು ಕರೆಯುವುದು ರೂಢಿಯಾಗಿದೆ. ಇಂದು ಈ ಹೆಸರಿನಲ್ಲಿ ಮಾರಾಟವಾಗುವ ಬಹುಪಾಲು ಆಯಿಲ್ ಕಚ್ಚಾ ತೈಲದಿಂದಲೇ ಹುಟ್ಟಿದ್ದು. ಇದನ್ನು ಮೋಸ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಳ್ಳೆಯ ಮೂರನೆಯ ಗುಂಪಿನ ತೈಲ ದಿನನಿತ್ಯದ ಕಾರಿನಲ್ಲಿ ಪಿಎಒಗೆ ಬಹಳ ಹತ್ತಿರದ ಕೆಲಸ ಮಾಡುತ್ತದೆ. ಆದರೆ ಆ ಒಂದು ಪದವನ್ನು ನೋಡಿ ಆಯಿಲ್ ಆರಿಸುವುದು ಸಾಲದು ಎಂಬುದಂತೂ ನಿಜ. ‘ಸೆಮಿ ಸಿಂಥೆಟಿಕ್’ ಎಂಬುದು ಇನ್ನೂ ಸಡಿಲವಾದ ಹೆಸರು. ಎಷ್ಟು ಭಾಗ ಸಿಂಥೆಟಿಕ್ ಇರಬೇಕು ಎಂಬುದಕ್ಕೆ ಎಲ್ಲೆಡೆ ಒಪ್ಪಿದ ಪ್ರಮಾಣವೇ ಇಲ್ಲ.

ಹಾಗಾದರೆ ಸಿಂಥೆಟಿಕ್ ಆಯಿಲಿನ ನಿಜವಾದ ಮೇಲುಗೈ ಎಲ್ಲಿದೆ? ಎಲ್ಲ ಬಗೆಯ ಅತಿಗಳಲ್ಲಿದೆ: ಅತಿ ಚಳಿ, ಅತಿ ಶಾಖ, ಅತಿ ದೀರ್ಘ ಬಳಕೆ. ಮಿನರಲ್ ಆಯಿಲಿನಲ್ಲಿ ಮೇಣದ ಅಂಶ ಒಂದಿಷ್ಟು ಉಳಿದಿರುತ್ತದೆ. ಚಳಿ ಏರಿದಂತೆ ಅದು ಹರಳುಗಟ್ಟಿ ಎಣ್ಣೆ ಹರಿಯದಂತಾಗುತ್ತದೆ. ಪಿಎಒನಲ್ಲಿ ಮೇಣವೇ ಇಲ್ಲದಿರುವುದರಿಂದ ನೀರು ಹೆಪ್ಪುಗಟ್ಟುವ ಬಿಂದುವಿಗಿಂತ ಬಹಳ ಕೆಳಗೂ ಅದು ಹರಿಯುತ್ತದೆ. ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿದಾಗ ಪಂಪಿನಿಂದ ಹೊರಟ ಎಣ್ಣೆ ಮೇಲಿನ ಕ್ಯಾಮ್‌ಶಾಫ್ಟ್ ತಲುಪುವವರೆಗಿನ ಹೊತ್ತು ಸವೆತದ ದೃಷ್ಟಿಯಿಂದ ಬಹಳ ಕಷ್ಟದ್ದು. ಬೇಗ ಹರಿಯುವ ಎಣ್ಣೆ ಆ ಹೊತ್ತನ್ನು ಕಡಿಮೆ ಮಾಡುತ್ತದೆ. ಶಾಖದ ಕಡೆ ನೋಡಿದರೆ, ಮಿನರಲ್ ಆಯಿಲಿನ ಅಣುಗಳು ಸಣ್ಣದು ದೊಡ್ಡದು ಎಲ್ಲ ಬೆರೆತಿರುತ್ತವೆ. ಸಣ್ಣವು ಬೇಗ ಆವಿಯಾಗಿ ಹೋಗುತ್ತವೆ, ಉಳಿದದ್ದು ದಪ್ಪಗಾಗುತ್ತದೆ, ಮಟ್ಟವೂ ಇಳಿಯುತ್ತದೆ. ಇದನ್ನು ಅಳೆಯಲು ಎಣ್ಣೆಯನ್ನು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟು ಎಷ್ಟು ಆವಿಯಾಯಿತೆಂದು ನೋಡುವ ನೋಆಕ್ ಪರೀಕ್ಷೆ ಇದೆ. ಒಂದೇ ಅಳತೆಯ ಅಣುಗಳಿಂದಾದ ಸಿಂಥೆಟಿಕ್ ಆಯಿಲ್ ಇದರಲ್ಲಿ ಕಡಿಮೆ ಕಳೆದುಕೊಳ್ಳುತ್ತದೆ.

ಅಮೆರಿಕನ್ ಆಟೋಮೊಬೈಲ್ ಅಸೋಸಿಯೇಷನ್ 2017ರಲ್ಲಿ ಐದು ಸಾಂಪ್ರದಾಯಿಕ ಆಯಿಲ್‌ಗಳನ್ನೂ ಐದು ಸಿಂಥೆಟಿಕ್ ಆಯಿಲ್‌ಗಳನ್ನೂ ಪ್ರಯೋಗಾಲಯದಲ್ಲಿ ಹೋಲಿಸಿ, ಸಿಂಥೆಟಿಕ್ ಸರಾಸರಿ ಶೇಕಡಾ 47ರಷ್ಟು ಮೇಲು ಎಂದು ಪ್ರಕಟಿಸಿತು. ಈ ಅಂಕಿಯನ್ನು ಉಲ್ಲೇಖಿಸುವವರು ಅದು ಚಳಿಯಲ್ಲಿ ಹರಿಯುವುದು, ಶಾಖಕ್ಕೆ ತಡೆಯುವುದು, ಆವಿಯಾಗದಿರುವುದು ಮುಂತಾದ ಗುಣಗಳ ಸರಾಸರಿ ಎಂಬುದನ್ನು ಮರೆಯಬಾರದು. ಎಂಜಿನ್ ಶೇಕಡಾ 47ರಷ್ಟು ಹೆಚ್ಚು ಕಾಲ ಬಾಳುತ್ತದೆ ಎಂದಾಗಲಿ, ಬದಲಾವಣೆಯನ್ನು ಅಷ್ಟು ದೂರ ಮುಂದೂಡಬಹುದು ಎಂದಾಗಲಿ ಅದು ಹೇಳುವುದಿಲ್ಲ.

ಡಬ್ಬಿಯ ಮೇಲೆ 5ಡಬ್ಲ್ಯು-30 ಎಂಬಂತೆ ಬರೆದಿರುವ ಗ್ರೇಡಿಗೂ ಸಿಂಥೆಟಿಕ್ ಎಂಬುದಕ್ಕೂ ನೇರ ಸಂಬಂಧವಿಲ್ಲ. ಡಬ್ಲ್ಯು ಅಕ್ಷರ ಚಳಿಗಾಲದ ಗುರುತು. ಅದಕ್ಕೂ ಮೊದಲು ಬರುವ ಅಂಕಿ ಕಡಿಮೆಯಾದಷ್ಟೂ ಎಣ್ಣೆ ಚಳಿಯಲ್ಲಿ ಹೆಚ್ಚು ಸಲೀಸು. ಎಸ್‌ಎಇ ಜೆ300 ಎಂಬ ಮಾನದಂಡದಲ್ಲಿ 5ಡಬ್ಲ್ಯು ಎಣ್ಣೆಯ ಚಳಿಯ ಪರೀಕ್ಷೆ ಮೈನಸ್ 30 ಡಿಗ್ರಿಯಲ್ಲಿ ನಡೆದರೆ, 15ಡಬ್ಲ್ಯು ಎಣ್ಣೆಯದು ಮೈನಸ್ 20 ಡಿಗ್ರಿಯಲ್ಲಿ. ಕೊನೆಯ ಅಂಕಿ 100 ಡಿಗ್ರಿಯಲ್ಲಿ ಎಣ್ಣೆ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತದೆ: 30 ಎಂದರೆ 9.3ರಿಂದ 12.5 ಸೆಂಟಿಸ್ಟೋಕ್‌ನೊಳಗೆ, 40 ಎಂದರೆ 12.5ರಿಂದ 16.3ರೊಳಗೆ. ಮಿನರಲ್ ಆಯಿಲಿನಲ್ಲಿ ಈ ಎರಡು ತುದಿಗಳ ನಡುವಿನ ಅಂತರವನ್ನು ಹಿಗ್ಗಿಸಲು ಉದ್ದನೆಯ ಪಾಲಿಮರುಗಳನ್ನು ಹೆಚ್ಚು ಬೆರೆಸಬೇಕಾಗುತ್ತದೆ. ಅವು ಬೇರಿಂಗು, ಗೇರುಗಳ ನಡುವೆ ಸಿಕ್ಕಿ ತುಂಡಾದಂತೆ ಎಣ್ಣೆ ತೆಳುವಾಗುತ್ತದೆ. ಸಿಂಥೆಟಿಕ್ ಮೂಲ ತೈಲಕ್ಕೆ ಈ ಗುಣ ಬಹುಮಟ್ಟಿಗೆ ಸಹಜವಾಗಿಯೇ ಇರುವುದರಿಂದ ಪಾಲಿಮರ್ ಕಡಿಮೆ ಸಾಕು. 0ಡಬ್ಲ್ಯು-20ರಂಥ ತೆಳು ಗ್ರೇಡುಗಳು ಬಹುತೇಕ ಸಿಂಥೆಟಿಕ್ ಆಗಿಯೇ ಬರುವುದಕ್ಕೆ ಕಾರಣವೂ ಇದೇ: ಅಷ್ಟು ತೆಳುವಾಗಿದ್ದೂ ಆವಿಯಾಗದಂತೆ ಮಾಡುವುದು ಸಾಮಾನ್ಯ ಮಿನರಲ್ ತೈಲದಿಂದ ಆಗುವ ಕೆಲಸವಲ್ಲ. ನಿಮ್ಮ ಕೈಪಿಡಿ ಅಂಥ ಗ್ರೇಡನ್ನು ಕೇಳಿದ್ದರೆ ಮಿನರಲ್ಲೋ ಸಿಂಥೆಟಿಕ್ಕೋ ಎಂಬ ಚರ್ಚೆ ಅಲ್ಲಿಗೇ ಮುಗಿಯಿತು.

ಇನ್ನು ಕೆಡುವ ಮಾತಿಗೆ ಬರುತ್ತೇನೆ. ಮೊದಲನೆಯ ಕೇಡು ಆಕ್ಸಿಡೀಕರಣ. ಬಿಸಿ ಎಣ್ಣೆ ಗಾಳಿಯೊಂದಿಗೆ ಕಡೆದಾಡಿದಂತೆ ಆಮ್ಲಜನಕ ಅದರ ಅಣುಗಳನ್ನು ಹಿಡಿಯುತ್ತದೆ; ಮೊದಲು ಆಮ್ಲಗಳು, ಆಮೇಲೆ ಅರಗಿನಂಥ ಅಂಟು, ಕೊನೆಗೆ ಗಟ್ಟಿ ಕೆಸರು ಹುಟ್ಟುತ್ತದೆ. ತಾಪ ಪ್ರತಿ 10 ಡಿಗ್ರಿ ಏರಿದಾಗ ಈ ಕ್ರಿಯೆಯ ವೇಗ ಸುಮಾರು ಎರಡರಷ್ಟಾಗುತ್ತದೆ ಎಂಬುದು ಎಣ್ಣೆಯ ತಜ್ಞರು ಬಳಸುವ ಸ್ಥೂಲ ನಿಯಮ. ಸಂಪಿನಲ್ಲಿರುವ ಎಣ್ಣೆ 100 ಡಿಗ್ರಿಯ ಆಸುಪಾಸಿನಲ್ಲಿದ್ದರೂ ಪಿಸ್ಟನ್ ರಿಂಗಿನ ಸಂದಿನಲ್ಲಿ ಅದು 200 ಡಿಗ್ರಿ ಮೀರಿದ ಲೋಹವನ್ನು ತಾಕಿ ಬರುತ್ತದೆ. ಟರ್ಬೋ ಇರುವ ಎಂಜಿನ್ನಿನಲ್ಲಂತೂ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುವ ದಂಡವನ್ನು ಹೊತ್ತಿರುವ ಬೇರಿಂಗಿಗೆ ಇದೇ ಎಣ್ಣೆ ಹೋಗುತ್ತದೆ. ಜೋರಾಗಿ ಓಡಿಸಿ ಬಂದು ತಕ್ಷಣ ಎಂಜಿನ್ ಆರಿಸಿದರೆ ಎಣ್ಣೆಯ ಹರಿವು ನಿಂತು, ಬಿಸಿ ಟರ್ಬೋದೊಳಗೆ ಉಳಿದದ್ದು ಸುಟ್ಟು ಇದ್ದಿಲಿನಂತೆ ಕೂರುತ್ತದೆ. ಈ ಮೊದಲನೆಯ ಕೇಡಿಗೆ ಸಿಂಥೆಟಿಕ್ ಆಯಿಲೇ ಸರಿಯಾದ ಉತ್ತರ. ಟರ್ಬೋ ಇರುವವರು, ಭಾರ ಎಳೆಯುವವರು, ಘಾಟಿ ಹತ್ತಿಳಿಯುವವರು, ಹೆದ್ದಾರಿಯಲ್ಲಿ ಬಹಳ ದೂರ ವೇಗವಾಗಿ ಓಡಿಸುವವರು ಸಿಂಥೆಟಿಕ್ ಬಳಸುವುದೇ ಸರಿ ಎಂಬುದರಲ್ಲಿ ನನಗೆ ಯಾವ ಸಂದೇಹವೂ ಇಲ್ಲ.

ಎರಡನೆಯ ಕೇಡು ಇದಕ್ಕಿಂತ ಮೌನವಾಗಿ ಬರುತ್ತದೆ, ಮತ್ತು ಹೆಚ್ಚಿನವರು ಲೆಕ್ಕಕ್ಕೆ ಹಿಡಿಯದೆ ಬಿಡುವುದು ಇದನ್ನೇ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಅದರಲ್ಲಿ ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೊರಗೆ ಹೋದರೂ ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿಳಿಯುತ್ತದೆ. ಅದರ ಜೊತೆಗೆ ಉರಿಯದೆ ಉಳಿದ ಇಂಧನ, ಮಸಿ, ಸಾರಜನಕದ ಆಕ್ಸೈಡುಗಳೂ ಇಳಿಯುತ್ತವೆ. ಎಂಜಿನ್ ಚೆನ್ನಾಗಿ ಬಿಸಿಯಾಗಿ ಬಹಳ ಹೊತ್ತು ಓಡಿದರೆ ನೀರೂ ಇಂಧನವೂ ಎಣ್ಣೆಯಿಂದ ಆವಿಯಾಗಿ ಬಿಟ್ಟುಹೋಗುತ್ತವೆ. ಎಂಜಿನ್ ಬಿಸಿಯಾಗುವ ಮೊದಲೇ ನಿಲ್ಲಿಸಿದರೆ ಅವು ಅಲ್ಲೇ ಉಳಿದು, ಒಂದರೊಡನೊಂದು ಸೇರಿ ಆಮ್ಲವಾಗುತ್ತವೆ, ಕೆಸರಾಗುತ್ತವೆ. ಇಲ್ಲಿ ನೆನಪಿಡಬೇಕಾದ ಒಂದು ಮಾತಿದೆ: ಫಲಕದ ಮೇಲಿನ ಮುಳ್ಳು ತೋರಿಸುವುದು ಕೂಲಂಟಿನ ತಾಪವನ್ನು. ಎಣ್ಣೆ ಅದಕ್ಕಿಂತ ಬಹಳ ನಿಧಾನವಾಗಿ ಬಿಸಿಯಾಗುತ್ತದೆ. ಮುಳ್ಳು ಮಧ್ಯಕ್ಕೆ ಬಂದಿತೆಂದು ನಾವು ನಿಶ್ಚಿಂತರಾದ ಹೊತ್ತಿನಲ್ಲಿ ಎಣ್ಣೆ ಇನ್ನೂ ಬೆಚ್ಚಗಷ್ಟೇ ಇರುತ್ತದೆ.

ದಿನವೂ ಎರಡು ಮೂರು ಕಿಲೋಮೀಟರ್ ಹೋಗಿ ನಿಲ್ಲಿಸುವ ಕಾರು ವರ್ಷಕ್ಕೆ ಹೆಚ್ಚು ದೂರ ಓಡಿರುವುದಿಲ್ಲ. ಅದರ ಒಡೆಯ ಓಡೋಮೀಟರ್ ನೋಡಿ ಸಮಾಧಾನಪಟ್ಟುಕೊಳ್ಳುತ್ತಾನೆ. ಆದರೆ ಎಣ್ಣೆಯ ಪಾಲಿಗೆ ಇದರಷ್ಟು ಕಠಿಣ ಬಾಳು ಬೇರೆ ಇಲ್ಲ. ಅದೇ ಆಯಿಲ್ ದಿನವೂ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ನೂರಾರು ಕಿಲೋಮೀಟರ್ ಓಡುವ ಕಾರಿನಲ್ಲಿ ಹೆಚ್ಚು ದೂರ ಕ್ರಮಿಸಿಯೂ ಹೆಚ್ಚು ಶುದ್ಧವಾಗಿ ಉಳಿದಿರುತ್ತದೆ. ಹೈಬ್ರಿಡ್ ಕಾರುಗಳಲ್ಲೂ ಇದೇ ತೊಂದರೆ: ಎಂಜಿನ್ ಆಗಾಗ ನಿಂತು ಶುರುವಾಗುತ್ತಿರುವುದರಿಂದ ಎಣ್ಣೆ ಪೂರ್ತಿ ಬಿಸಿಯಾಗುವುದೇ ಅಪರೂಪ. ನೇರವಾಗಿ ಸಿಲಿಂಡರಿಗೆ ಇಂಧನ ಚಿಮ್ಮಿಸುವ ಪೆಟ್ರೋಲ್ ಎಂಜಿನ್ನುಗಳಲ್ಲಿ ಇಂಧನ ಎಣ್ಣೆಗೆ ಬೆರೆಯುವುದು ಹೆಚ್ಚು. ಹೊಗೆಯಲ್ಲಿನ ಮಸಿಯನ್ನು ಹಿಡಿಯುವ ಕಣಶೋಧಕ ಇರುವ ಡೀಸೆಲ್ ಎಂಜಿನ್ನುಗಳಲ್ಲಿ ಶೋಧಕದ ಮಸಿಯನ್ನು ಸುಡಲು ಹೆಚ್ಚುವರಿ ಡೀಸೆಲ್ ಚಿಮ್ಮಿಸುವಾಗ ಒಂದಿಷ್ಟು ಸಿಲಿಂಡರಿನ ಗೋಡೆಯ ಮೂಲಕ ಸಂಪಿಗೆ ಇಳಿಯುತ್ತದೆ. ಅಂಥ ಕಾರಿನಲ್ಲಿ ಡಿಪ್‌ಸ್ಟಿಕ್ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಅದು ಎಚ್ಚರಿಕೆಯ ಗುರುತು. ಇಂಧನ ಬೆರೆತು ತೆಳುವಾದ ಎಣ್ಣೆ ಬೇರಿಂಗನ್ನು ಹೊರಲಾರದು; ಮೂಲ ತೈಲ ಎಷ್ಟೇ ಶ್ರೇಷ್ಠವಾಗಿದ್ದರೂ ಈ ವಿಷಯದಲ್ಲಿ ಅದರಿಂದ ಪ್ರಯೋಜನವಿಲ್ಲ.

ಈ ಕೊಳೆಯ ವಿರುದ್ಧ ಹೋರಾಡುವುದು ಅಡಿಟಿವ್‌ಗಳು. ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಇರುವ ಡಿಟರ್ಜೆಂಟುಗಳು ಆಮ್ಲವನ್ನು ತಟಸ್ಥಗೊಳಿಸುತ್ತವೆ. ಡಿಸ್ಪರ್ಸೆಂಟುಗಳು ಮಸಿಯ ಕಣಗಳು ಒಂದಕ್ಕೊಂದು ಅಂಟಿ ಗಡ್ಡೆಯಾಗದಂತೆ ಬೇರೆಬೇರೆಯಾಗಿ ತೇಲಿಸಿಡುತ್ತವೆ. ಜೆಡ್‌ಡಿಡಿಪಿ ಎಂಬ ಸತು ಮತ್ತು ರಂಜಕದ ಸಂಯುಕ್ತ ಲೋಹ ಲೋಹಕ್ಕೆ ತಾಕುವ ಕಡೆ ತೆಳುವಾದ ರಕ್ಷಾಪದರ ಕಟ್ಟುತ್ತದೆ. ಇವೆಲ್ಲ ಕೆಲಸ ಮಾಡುತ್ತಾ ಮಾಡುತ್ತಾ ತೀರಿಹೋಗುವ ವಸ್ತುಗಳು. ಮನೆಯ ದಾಸ್ತಾನಿನ ಹಾಗೆ ಒಮ್ಮೆ ತುಂಬಿಟ್ಟದ್ದು ದಿನವೂ ಖರ್ಚಾಗುತ್ತದೆ; ಮತ್ತೆ ತುಂಬಲು ಇರುವ ದಾರಿ ಆಯಿಲ್ ಬದಲಿಸುವುದೊಂದೇ. ಆಮ್ಲ ತಡೆಯುವ ಶಕ್ತಿ ಎಷ್ಟು ಉಳಿದಿದೆ ಎಂಬುದನ್ನು ಟಿಬಿಎನ್ ಎಂಬ ಅಂಕಿಯಿಂದ ಅಳೆಯುತ್ತಾರೆ. ಮೂಲ ತೈಲ ಇನ್ನೂ ಚೆನ್ನಾಗಿರುವಾಗಲೇ ಈ ಅಂಕಿ ಕುಸಿದುಬಿಡುವುದು ಸಾಧ್ಯವಿದೆ. ಸಿಂಥೆಟಿಕ್ ಆಯಿಲನ್ನು ಅಳತೆ ಮೀರಿ ಎಳೆದವರ ಎಂಜಿನ್ನಿನಲ್ಲಿ ನಡೆಯುವುದು ಇದೇ.

ಈಗ ಬದಲಿಸುವ ಅವಧಿಯ ಪ್ರಶ್ನೆ. ಐದು ಸಾವಿರ ಕಿಲೋಮೀಟರಿಗೆ ಬದಲಿಸಲೇಬೇಕು ಎಂಬುದು ಮೂರು ಸಾವಿರ ಮೈಲಿಯ ಹಳೆಯ ನಿಯಮದಿಂದ ಬಂದದ್ದು. ಕಾರ್ಬ್ಯುರೇಟರ್ ಇದ್ದ, ಇಂಧನದ ಪ್ರಮಾಣ ಸರಿಯಾಗಿ ಹಿಡಿತಕ್ಕೆ ಸಿಗದಿದ್ದ, ಮೊದಲನೆಯ ಗುಂಪಿನ ತೈಲವನ್ನೇ ಬಳಸುತ್ತಿದ್ದ ಕಾಲಕ್ಕೆ ಅದು ಸರಿಯಾಗಿತ್ತು. ಇಂದಿನ ಬಹುತೇಕ ಕಾರುಗಳ ಕೈಪಿಡಿ 10,000ದಿಂದ 15,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎನ್ನುತ್ತದೆ. ಯುರೋಪಿನ ಕೆಲವು ತಯಾರಕರು ವಿಶೇಷ ದೀರ್ಘಾವಧಿ ಆಯಿಲ್ ಬಳಸಿದಾಗ 30,000 ಕಿಲೋಮೀಟರ್ ಅಥವಾ ಎರಡು ವರ್ಷದವರೆಗೂ ಹೋಗಲು ಬಿಡುತ್ತಾರೆ. ಇಷ್ಟು ದೂರದ ಅವಧಿ ನನಗೆ ಒಪ್ಪಿಗೆಯಿಲ್ಲ. ಆಯಿಲಿಗೆ ಅದು ಸಾಧ್ಯವಿರಬಹುದು; ಆದರೆ ನಡುವೆ ಡಿಪ್‌ಸ್ಟಿಕ್ ನೋಡದ, ಬಳಕೆ ಹೇಗಿದೆ ಎಂದು ಯೋಚಿಸದ ಮಾಲೀಕನ ಕೈಯಲ್ಲಿ ಅಷ್ಟು ದೀರ್ಘಾವಧಿ ಎಂಜಿನ್ನಿಗೆ ಅಪಾಯ. ಆ ಅವಧಿಯನ್ನು ನಿಗದಿ ಮಾಡುವಾಗ ತಯಾರಕರ ಕಣ್ಣು ವಾರಂಟಿಯ ಕಾಲ ಮತ್ತು ಸರ್ವಿಸ್ ಖರ್ಚಿನ ಮೇಲೂ ಇರುತ್ತದೆ. ವಾರಂಟಿ ಮುಗಿದ ಮೇಲೂ ಅದೇ ಕಾರನ್ನು ಇಟ್ಟುಕೊಳ್ಳಲು ಬಯಸುವವನ ಲೆಕ್ಕ ಬೇರೆ.

ಕೈಪಿಡಿಯಲ್ಲಿ ಹೆಚ್ಚಿನವರು ಓದದೆ ಬಿಡುವ ಪುಟವೊಂದಿರುತ್ತದೆ: ಕಠಿಣ ಬಳಕೆಯ ವೇಳಾಪಟ್ಟಿ. ಸಣ್ಣ ಸಣ್ಣ ಓಡಾಟ, ವಾಹನದಟ್ಟಣೆಯಲ್ಲಿ ನಿಂತು ನಿಂತು ಸಾಗುವುದು, ಬಹಳ ಹೊತ್ತು ನಿಂತಲ್ಲೇ ಎಂಜಿನ್ ಓಡಿಸುವುದು, ಧೂಳಿನ ರಸ್ತೆ, ಅತಿ ಬಿಸಿಲು ಅಥವಾ ಅತಿ ಚಳಿ, ಭಾರ ಎಳೆಯುವುದು ಇವೆಲ್ಲ ಅದರಲ್ಲಿ ಬರುತ್ತವೆ, ಮತ್ತು ಇವುಗಳಲ್ಲಿ ಯಾವುದಿದ್ದರೂ ಅವಧಿಯನ್ನು ತಗ್ಗಿಸಲು, ಅನೇಕ ಸಲ ಅರ್ಧಕ್ಕೆ ಇಳಿಸಲು ಅಲ್ಲಿ ಹೇಳಿರುತ್ತದೆ. ತನ್ನ ಬಳಕೆ ಸಾಮಾನ್ಯ ಎಂದು ನಂಬಿರುವ ಹೆಚ್ಚಿನ ಪಟ್ಟಣವಾಸಿಗಳ ಕಾರು ಈ ಪಟ್ಟಿಗೆ ಸೇರಿದ್ದೇ ಆಗಿರುತ್ತದೆ. ನಾನು ಕೇಳಿದವರಿಗೆ ಹೇಳುವುದಿಷ್ಟು: ಕೈಪಿಡಿ ಕೇಳಿದ ಮಾನದಂಡದ ಸಿಂಥೆಟಿಕ್ ಆಯಿಲ್ ಇದ್ದು, ಓಟ ಬಹುಪಾಲು ದೂರದ್ದಾಗಿದ್ದರೆ ಕೈಪಿಡಿಯ ಅವಧಿಯನ್ನೇ ಪಾಲಿಸಿ, ಆದರೆ ವರ್ಷ ಮೀರಿಸಬೇಡಿ, ಓಟ ಬಹುಪಾಲು ಸಣ್ಣ ದೂರದ್ದಾಗಿದ್ದರೆ ಯಾವ ಆಯಿಲ್ ಹಾಕಿದ್ದರೂ ಅವಧಿಯನ್ನು ಅರ್ಧಕ್ಕೆ ಇಳಿಸಿ, ಕಿಲೋಮೀಟರಿಗಿಂತ ತಿಂಗಳುಗಳನ್ನು ಎಣಿಸಿ. ತಯಾರಕರು ಮಿನರಲ್ ಆಯಿಲನ್ನು ಒಪ್ಪಿರುವ ಸರಳ ಎಂಜಿನ್ನಿನಲ್ಲಿ, ಮಿತವಾದ ಹವೆಯಲ್ಲಿ, ಸಕಾಲದಲ್ಲಿ ಬದಲಿಸುವ ಶಿಸ್ತು ಇರುವವನಿಗೆ ಮಿನರಲ್ ಆಯಿಲ್ ಇಂದಿಗೂ ಸಾಕು. ಬದಲಿಸದೆ ಎಳೆದಾಡಿದ ಸಿಂಥೆಟಿಕ್‌ಗಿಂತ ಸಕಾಲದಲ್ಲಿ ಬದಲಿಸಿದ ಮಿನರಲ್ ಆಯಿಲ್ ಎಂಜಿನ್ನಿಗೆ ಮೇಲು.

ಹೊಸ ಕಾರುಗಳಲ್ಲಿ ಆಯಿಲಿನ ಉಳಿದ ಆಯಸ್ಸನ್ನು ಶೇಕಡಾವಾರು ತೋರಿಸುವ ವ್ಯವಸ್ಥೆ ಇರುತ್ತದೆ. ಇವುಗಳಲ್ಲಿ ಹೆಚ್ಚಿನವು ಎಣ್ಣೆಯನ್ನು ನೇರವಾಗಿ ಪರೀಕ್ಷಿಸುವುದಿಲ್ಲ; ಎಂಜಿನ್ ಎಷ್ಟು ಸುತ್ತು ತಿರುಗಿತು, ಯಾವ ತಾಪದಲ್ಲಿ ಓಡಿತು, ಎಷ್ಟು ಸಲ ತಣ್ಣಗಿದ್ದಾಗ ಶುರುವಾಯಿತು ಎಂಬಂಥ ಮಾಹಿತಿಯಿಂದ ಲೆಕ್ಕ ಹಾಕುತ್ತವೆ. ನಿಗದಿತ ಮಾನದಂಡದ ಆಯಿಲನ್ನೇ ಹಾಕಿದ್ದೀರಿ, ಮಟ್ಟ ಸರಿಯಾಗಿದೆ, ಬದಲಿಸಿದಾಗ ವ್ಯವಸ್ಥೆಯನ್ನು ಮೊದಲಿನ ಸ್ಥಿತಿಗೆ ತಂದಿದ್ದೀರಿ ಎಂದು ಅದು ನಂಬಿ ನಡೆಯುತ್ತದೆ. ಬರಿಯ ಕಿಲೋಮೀಟರಿಗಿಂತ ಇದು ಎಷ್ಟೋ ಉತ್ತಮ. ಆದರೆ ಕಳಪೆ ಗುಣಮಟ್ಟದ ಆಯಿಲ್ ಹಾಕಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ.

ಮಾನದಂಡದ ಮಾತು ಬಂದದ್ದರಿಂದ ಹೇಳುತ್ತೇನೆ: ಆಯಿಲ್ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಇದನ್ನೇ. ಎಪಿಐ ಪದ್ಧತಿಯಲ್ಲಿ ಎಸ್ ಅಕ್ಷರದಿಂದ ಶುರುವಾಗುವ ಗುರುತು ಪೆಟ್ರೋಲ್ ಎಂಜಿನ್ನಿನದು, ಸಿ ಅಕ್ಷರದ್ದು ಡೀಸೆಲಿನದು. ಎರಡನೆಯ ಅಕ್ಷರ ಮುಂದೆ ಹೋದಂತೆ ಮಾನದಂಡ ಹೊಸತು. 2020ರಲ್ಲಿ ಬಂದ ಎಸ್‌ಪಿ ದರ್ಜೆಯಲ್ಲಿ ಟರ್ಬೋ ಪೆಟ್ರೋಲ್ ಎಂಜಿನ್ನುಗಳನ್ನು ಕಾಡುವ, ಕಡಿಮೆ ವೇಗದಲ್ಲಿ ಇಂಧನ ಅಕಾಲದಲ್ಲಿ ಹೊತ್ತಿಕೊಳ್ಳುವ ತೊಂದರೆಗೂ, ಟೈಮಿಂಗ್ ಚೈನಿನ ಸವೆತಕ್ಕೂ ಪರೀಕ್ಷೆಗಳು ಸೇರಿದವು. ಯುರೋಪಿನ ಎಸಿಇಎ ಪದ್ಧತಿಯ ಸಿ ವರ್ಗದ ಆಯಿಲ್‌ಗಳಲ್ಲಿ ಬೂದಿ, ರಂಜಕ, ಗಂಧಕ ಕಡಿಮೆ. ಕಣಶೋಧಕ ಇರುವ ಕಾರಿಗೆ ಬೇರೆಯದನ್ನು ಹಾಕಿದರೆ ಶೋಧಕ ಬೂದಿಯಿಂದ ಕಟ್ಟಿಕೊಳ್ಳುತ್ತದೆ. ಬೈಕುಗಳ ಮಾತು ಇನ್ನೂ ಭಿನ್ನ. ಅವುಗಳಲ್ಲಿ ಬಹುಪಾಲು ಎಂಜಿನ್, ಗೇರು, ಕ್ಲಚ್ ಮೂರಕ್ಕೂ ಒಂದೇ ಎಣ್ಣೆ. ಕಾರಿನ ತೆಳು ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸಲು ಹಾಕುವ ವಸ್ತುಗಳು ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ಚನ್ನು ಜಾರಿಸಬಹುದು. ಅದಕ್ಕಾಗಿಯೇ ಜಪಾನಿನ ಜಾಸೋ ಎಂಎ ಮತ್ತು ಎಂಎ2 ಗುರುತುಗಳಿವೆ. ಬೈಕಿಗೆ ಸಿಂಥೆಟಿಕ್ ಹಾಕಿದರೆ ಕ್ಲಚ್ ಜಾರುತ್ತದೆ ಎಂಬ ಮಾತಿನ ಮೂಲ ಇಲ್ಲಿದೆ. ತಪ್ಪು ಸಿಂಥೆಟಿಕ್‌ನದ್ದಲ್ಲ, ಬೈಕಿಗೆ ಹೊಂದದ ಮಾನದಂಡದ ಆಯಿಲ್ ಹಾಕಿದ್ದರದ್ದು.

ಇಂಥದೇ ಇನ್ನೂ ಕೆಲವು ನಂಬಿಕೆಗಳನ್ನು ಪದೇ ಪದೇ ಕೇಳುತ್ತೇನೆ. ಎಣ್ಣೆ ಕಪ್ಪಾಯಿತೆಂದರೆ ಕೆಟ್ಟಿತು ಎಂಬುದು ಸರಿಯಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಬಹಳ ಬೇಗ ಕಪ್ಪಾಗುತ್ತದೆ, ಅದು ಮಸಿಯನ್ನು ಎಣ್ಣೆ ಹಿಡಿದಿಟ್ಟುಕೊಂಡಿರುವುದರ ಗುರುತು. ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಮಾತ್ರ ಗಂಭೀರ, ಏಕೆಂದರೆ ನೀರು ಅಥವಾ ಕೂಲಂಟ್ ಸೇರಿರುವ ಸಾಧ್ಯತೆ ಇದೆ. ಒಮ್ಮೆ ಸಿಂಥೆಟಿಕ್ ಹಾಕಿದರೆ ಮತ್ತೆ ಮಿನರಲಿಗೆ ಮರಳಬಾರದು, ಎರಡನ್ನೂ ಬೆರೆಸಿದರೆ ಮೊಸರಿನಂತೆ ಒಡೆಯುತ್ತದೆ ಎಂಬುದೂ ನಿಜವಲ್ಲ. ಎಪಿಐ ಮಾನದಂಡದ ಆಯಿಲ್‌ಗಳು ಒಂದರೊಡನೊಂದು ಬೆರೆಯಲೇಬೇಕೆಂಬ ನಿಯಮವಿದೆ. ದಾರಿಯಲ್ಲಿ ಮಟ್ಟ ಇಳಿದಾಗ ಸಿಕ್ಕ ಆಯಿಲನ್ನು ಸೇರಿಸುವುದು ಕಡಿಮೆ ಎಣ್ಣೆಯಲ್ಲಿ ಓಡಿಸುವುದಕ್ಕಿಂತ ನೂರು ಪಾಲು ಮೇಲು. ಹಳೆಯ ಎಂಜಿನ್ನಿಗೆ ಸಿಂಥೆಟಿಕ್ ಹಾಕಿದರೆ ಸೋರುತ್ತದೆ ಎಂಬುದಕ್ಕೆ ಒಂದು ಕಾಲದಲ್ಲಿ ಆಧಾರವಿತ್ತು: ಆರಂಭದ ಪಿಎಒ ಆಯಿಲ್‌ಗಳು ರಬ್ಬರ್ ಸೀಲುಗಳನ್ನು ಕುಗ್ಗಿಸುತ್ತಿದ್ದವು. ಅದನ್ನು ಸರಿಪಡಿಸಿ ಬಹಳ ವರ್ಷಗಳಾದವು. ಈಗಲೂ ಸೋರಿಕೆ ಕಾಣಿಸಿದರೆ, ಸೀಲ್ ಮೊದಲೇ ಗಟ್ಟಿಯಾಗಿ ಬಿರುಕು ಬಿಟ್ಟಿದ್ದು, ಅದನ್ನು ಮುಚ್ಚಿಕೊಂಡಿದ್ದ ಜಿಡ್ಡು ಕರಗಿದ್ದರಿಂದ ಹೊರಗೆ ಬಂದಿರುತ್ತದೆ.

ಯಾವ ಆಯಿಲ್ ಎಂಬ ಚರ್ಚೆಯಲ್ಲಿ ಮುಳುಗಿ ಮಟ್ಟ ನೋಡುವುದನ್ನೇ ಮರೆಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಎಣ್ಣೆ ಸಂಪಿಗೆ ಇಳಿಯಲು ಕೆಲವು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ ಒರೆಸಿ ಮತ್ತೆ ಅದ್ದಿ ನೋಡಬೇಕು. ಅನೇಕ ಕಾರುಗಳಲ್ಲಿ ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ನಡುವೆ ಸುಮಾರು ಒಂದು ಲೀಟರ್ ಅಂತರವಿರುತ್ತದೆ. ಮೇಲಿನ ಗುರುತನ್ನು ಮೀರಿ ತುಂಬುವುದೂ ತಪ್ಪು. ತಿರುಗುವ ಕ್ರ್ಯಾಂಕ್‌ಶಾಫ್ಟ್ ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಯಿಂದ ಬೇರಿಂಗಿಗೆ ರಕ್ಷಣೆ ಸಿಗದು. ಆಯಿಲ್ ಬದಲಿಸುವಾಗ ಫಿಲ್ಟರನ್ನೂ ಬದಲಿಸಲೇಬೇಕು. ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್ ಒಣಗದಿರಲೆಂದು ಅದರ ಬೈಪಾಸ್ ವಾಲ್ವ್ ತೆರೆದು, ಶೋಧಿಸದ ಎಣ್ಣೆಯನ್ನೇ ಒಳಗೆ ಬಿಡುತ್ತದೆ. ಹೊಸ ಸಿಂಥೆಟಿಕ್ ಆಯಿಲಿಗೆ ಹಳೆಯ ಫಿಲ್ಟರ್ ಉಳಿಸಿದರೆ ಆಯಿಲಿಗೆ ಕೊಟ್ಟ ಹಣ ವ್ಯರ್ಥ. ಏರ್ ಫಿಲ್ಟರಿನ ಸ್ಥಿತಿಗೂ ಇಲ್ಲಿ ಪಾತ್ರವಿದೆ: ಅದರ ಅಂಚಿನಿಂದ ನುಸುಳಿದ ಧೂಳಿನ ಕಣ ಎಣ್ಣೆಗೆ ಸೇರಿ ಉಜ್ಜುವ ಕಾಗದದ ಕೆಲಸ ಮಾಡುತ್ತದೆ.

ತನ್ನ ಬಳಕೆಗೆ ಯಾವ ಅವಧಿ ಸರಿ ಎಂದು ಖಚಿತವಾಗಿ ತಿಳಿಯಬೇಕೆನ್ನುವವನಿಗೆ ಒಂದು ದಾರಿಯಿದೆ. ತೆಗೆದ ಆಯಿಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಅದರಲ್ಲಿರುವ ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಕಣಗಳಿಂದ ಯಾವ ಭಾಗ ಸವೆಯುತ್ತಿದೆ ಎಂದೂ, ಸಿಲಿಕಾನಿನಿಂದ ಧೂಳು ಎಷ್ಟು ಸೇರಿದೆ ಎಂದೂ, ಸ್ನಿಗ್ಧತೆ, ಬೆರೆತ ಇಂಧನ, ಟಿಬಿಎನ್‌ಗಳಿಂದ ಆಯಿಲ್ ಇನ್ನೂ ಎಷ್ಟು ಓಡಬಹುದಿತ್ತೆಂದೂ ಹೇಳುತ್ತಾರೆ. ಲಾರಿ, ಬಸ್ಸು, ಜನರೇಟರುಗಳನ್ನು ನಡೆಸುವ ಸಂಸ್ಥೆಗಳು ಇದನ್ನು ಬಹಳ ಕಾಲದಿಂದ ಮಾಡುತ್ತಿವೆ. ಒಂದೇ ಪರೀಕ್ಷೆಯಿಂದ ತೀರ್ಮಾನಕ್ಕೆ ಬರಬಾರದು. ಒಂದೇ ಎಂಜಿನ್ನಿನ ಕೆಲವು ಬದಲಾವಣೆಗಳ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಅಂಕಿಗಳು ಯಾವ ಕಡೆ ಸಾಗುತ್ತಿವೆ ಎಂಬುದು ಕಾಣುತ್ತದೆ.

ಮನೆಯಲ್ಲೇ ಆಯಿಲ್ ಬದಲಿಸುವವರು ತೆಗೆದ ಎಣ್ಣೆಯನ್ನು ಮಣ್ಣಿಗಾಗಲಿ ಚರಂಡಿಗಾಗಲಿ ಸುರಿಯಬಾರದು. ಬಹಳ ಕಡಿಮೆ ಪ್ರಮಾಣವೂ ಅಪಾರ ನೀರನ್ನು ಕೆಡಿಸುತ್ತದೆ. ಬಳಸಿದ ಎಣ್ಣೆಯಲ್ಲಿ ಕ್ಯಾನ್ಸರ್ ತರಬಲ್ಲ ಸಂಯುಕ್ತಗಳು ಸೇರಿಕೊಂಡಿರುವುದರಿಂದ ಕೈಗವಸು ಹಾಕಿಕೊಂಡೇ ಕೆಲಸ ಮಾಡಬೇಕು. ಮೂಲ ತೈಲ ಪೂರ್ತಿ ನಾಶವಾಗಿರುವುದಿಲ್ಲ. ಮರುಶುದ್ಧೀಕರಿಸಿ ಅದರಿಂದ ಮತ್ತೆ ಒಳ್ಳೆಯ ಎಂಜಿನ್ ಆಯಿಲ್ ತಯಾರಿಸಲು ಆಗುತ್ತದೆ. ಅದಕ್ಕಾಗಿ ತೆಗೆದ ಎಣ್ಣೆಯನ್ನು ಮುಚ್ಚಳ ಭದ್ರವಾಗಿರುವ ಡಬ್ಬಿಯಲ್ಲಿ ತುಂಬಿ, ಕೂಲಂಟ್, ಬ್ರೇಕ್ ಆಯಿಲ್, ಪೆಟ್ರೋಲ್ ಯಾವುದೂ ಅದಕ್ಕೆ ಬೆರೆಯದಂತೆ ಇಟ್ಟು, ಬಳಸಿದ ಎಣ್ಣೆ ಸಂಗ್ರಹಿಸುವವರಿಗೆ ತಲುಪಿಸಬೇಕು.